ಓಟಿದ್ದವರಿಗೆ ಊರಿಲ್ಲ

ವಲಸಿಗರ ಎರಡು ಸಮುದಾಯಗಳನ್ನು ಹೋಲಿಸಿ ನೋಡಬೇಕೆಂದರೆ ವಿಶ್ವವಿದ್ಯಾಲಯದವರು ಅನುದಾನ ಕೇಳುತ್ತಾರೆ, ಪ್ರಶ್ನಾವಳಿ ಹಂಚುತ್ತಾರೆ, ವರ್ಷಗಟ್ಟಲೆ ಕೂರುತ್ತಾರೆ. ನಮ್ಮ ಹಾವೇರಿ ಜಿಲ್ಲೆಯ ಚಹಾದಂಗಡಿಗಳಲ್ಲಿ ಅದೇ ಕೆಲಸ ಒಂದು ಪ್ಲೇಟು ಮಿರ್ಚಿ ಆರುವುದರೊಳಗೆ ಮುಗಿದುಹೋಗುತ್ತದೆ. ಹಾನಗಲ್ಲಾದರೂ ಸರಿ, ಹಿರೇಕೆರೂರಾದರೂ ಸರಿ, ಶೋಧನೆಯ ಫಲಿತಾಂಶ ಒಂದೇ.

“ಮುಂಡಗೋಡದ ಲಾಮಾಗಳ್ನ ನೋಡ್ರಿ. ಬರಿಗೈಲೆ ಬಂದ್ರು, ಈಗ ಹೆಂಗದಾರ! ಏನ ಶಿಸ್ತು, ಏನ ಸ್ವಚ್ಛ! ನಮ್ಮವ್ರು ಗೋವಾಕ್ಕ ಹೋಗಾಕತ್ತಿ ಎಷ್ಟ ವರ್ಷಾತು, ಏನ ತಂದ್ರು? ಕುಡಿಯೂದು ಕಲ್ತ ಬಂದ್ರು, ಅಷ್ಟ.”

ಈ ಮಹಾಪ್ರಬಂಧ ಮಂಡಿಸುವ ಸಜ್ಜನರಿಗೆ ಮುಂಡಗೋಡ ಗೊತ್ತಿರುವುದು ಭಾನುವಾರ ಬೈಕಿನಲ್ಲಿ ಹೋಗಿ ಗೊಂಪಾ ಎಂಬ ಬೌದ್ಧ ಮಠದ ಎದುರು ಫೋಟೊ ತೆಗೆಸಿಕೊಂಡು ಮೊಮೊ ತಿಂದು ಬರುವಷ್ಟು. ಗೋವಾ ಗೊತ್ತಿರುವುದು ಕಲಂಗೂಟ್ ದಂಡೆಯ ಬಾಟಲಿ ಅಂಗಡಿಯವರೆಗೆ. ಕುಡಿಯಲೆಂದೇ ಗೋವಾಕ್ಕೆ ಹೋಗಿಬಂದವರು ಅಲ್ಲಿ ದುಡಿಯಲು ಹೋದವರ ಕುಡಿತದ ಮೇಲೆ ತೀರ್ಪು ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ.

ಇರಲಿ, ಹೋಲಿಕೆ ಮಾಡಿಯೇಬಿಡೋಣ. ಶಿಗ್ಗಾವಿಯಿಂದಾಗಲಿ ಹಾನಗಲ್ಲಿನಿಂದಾಗಲಿ ಮುಂಡಗೋಡ ಹತ್ತಿರದ ಹಾದಿ. ಅಲ್ಲಿಯ ಟಿಬೆಟನ್ ಕಾಲೋನಿ, ಅವರ ಭಾಷೆಯಲ್ಲಿ ದೋಗುಲಿಂಗ್, ಶುರುವಾದದ್ದು 1966ರಲ್ಲಿ. 1959ರಲ್ಲಿ ದಲೈಲಾಮಾ ಗಡಿ ದಾಟಿ ಬಂದಾಗ ಹಿಂದೆ ಬಂದ ಜನ ಮೊದಲು ಹಿಮಾಲಯದಲ್ಲಿ ರಸ್ತೆಗೆ ಜಲ್ಲಿ ಒಡೆದವರು. ಗಮನಿಸಿ, ಅವರೂ ಮೊದಲು ಮಾಡಿದ್ದು ನಮ್ಮವರು ಗೋವಾದಲ್ಲಿ ಮಾಡುವ ಕೆಲಸವನ್ನೇ. ಆಮೇಲೆ ನೆಹರೂ ರಾಜ್ಯಗಳನ್ನು ಜಮೀನು ಕೇಳಿದರು, ಮೈಸೂರು ರಾಜ್ಯ ಧಾರಾಳವಾಗಿ ಕೊಟ್ಟಿತು. ಮೊದಲು ಬೈಲಕುಪ್ಪೆ, ನಂತರ ಮುಂಡಗೋಡ, ಅದಾದ ಮೇಲೆ ಹುಣಸೂರು, ಕೊಳ್ಳೇಗಾಲ. ಮುಂಡಗೋಡದಲ್ಲಿ ಕೊಟ್ಟಿದ್ದು ಸುಮಾರು 4,000 ಎಕರೆ. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು. ಮರುವರ್ಷ, 1967ರಲ್ಲಿ, ಅವರು ವಿಧಾನಸಭೆಗೆ ಆರಿಸಿ ಬಂದದ್ದು ಎಲ್ಲಿಂದ? ನಮ್ಮ ಶಿಗ್ಗಾವಿಯಿಂದ. 2021ರಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದದ್ದೂ ಶಿಗ್ಗಾವಿಯ ಶಾಸಕರಾಗಿಯೇ. ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಕ್ಷೇತ್ರದಿಂದ ಗೋವಾದ ಬಸ್ಸು ಇವತ್ತಿಗೂ ಖಾಲಿ ಹೋಗುವುದಿಲ್ಲ. ಇದು ಸಾಧನೆಯೇ ಸರಿ, ಯಾರದು ಎಂದು ಮಾತ್ರ ಕೇಳಬೇಡಿ.

ಟಿಬೆಟಿಗರಿಗೆ ಕೊಟ್ಟದ್ದು ಬರೀ ಹೊಲವಲ್ಲ. ನಂಬರು ಹಾಕಿದ ಕ್ಯಾಂಪುಗಳು, ಮನೆ, ಸಹಕಾರಿ ಸಂಘ, ಆಸ್ಪತ್ರೆ, ತಮ್ಮದೇ ಭಾಷೆ ಕಲಿಸುವ ಶಾಲೆ. ಗಾಂದೆನ್, ದ್ರೆಪುಂಗ್ ಎಂಬ ಎರಡು ಮಹಾಮಠಗಳನ್ನೇ ಅವರು ಇಲ್ಲಿ ಮತ್ತೆ ಕಟ್ಟಿದರು. ಅಜ್ಜಿ, ಗುರು, ದೇವರು, ಅಡುಗೆ, ಜಗಳ ಎಲ್ಲವನ್ನೂ ಒಟ್ಟಿಗೆ ತಂದು ಒಟ್ಟಿಗೆ ಕೂರಿಸಿದರು. ಹೊರದೇಶದ ನೆರವೂ ಬಂತು. ಕಾಡು ಕಡಿದು, ಸೆಕೆಗೆ ಬೆಂದು, ಬೇನೆಗೆ ಸತ್ತು ಆ ನೆಲವನ್ನು ಹದಮಾಡಿದವರು ಅವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡಿಮೆಗೆ ಕೂರಲು ಜಾಗ ಇದ್ದಾಗ ಅದಕ್ಕೆ ಶಿಸ್ತು ಎಂಬ ಹೆಸರು ಬರುತ್ತದೆ. ಜಾಗ ಇಲ್ಲದ ದುಡಿಮೆಗೆ ಬರುವ ಹೆಸರು ಅಲೆಮಾರಿತನ.

ಈಗ ಇನ್ನೊಂದು ಪಕ್ಷ. ಮಳೆ ನಂಬಿದ ಹೊಲದಲ್ಲಿ ಗೋವಿನಜೋಳ ಮುರಿದು ಮಾರಿದ ಮೇಲೆ, ದೀಪಾವಳಿ ಮುಗಿಯುತ್ತಿದ್ದಂತೆ, ನಮ್ಮ ತಾಂಡಾಗಳಲ್ಲಿ, ಕೇರಿಗಳಲ್ಲಿ ಬಾಗಿಲಿಗೆ ಬೀಗ ಬೀಳುತ್ತದೆ. ಸಂಜೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಸಿಮೆಂಟಿನ ಖಾಲಿ ಚೀಲದಲ್ಲಿ ತುಂಬಿದ ರೇಷನ್ ಅಕ್ಕಿ, ಮೇಲೆ ಸುತ್ತಿಟ್ಟ ಕೌದಿ, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಣಿ, ತೂಕದ ಗುಂಡು, ಅದರ ಮೇಲೆ ಕೂಸಿನ ಹಾಲಿನ ಬಾಟಲಿ. ಪಕ್ಕದಲ್ಲಿ ಸರ್ಕಾರ ಕೊಟ್ಟ ಸಮವಸ್ತ್ರದಲ್ಲೇ ನಿಂತ ಒಂಬತ್ತು ಹತ್ತು ವರ್ಷದ ಹುಡುಗಿ. ಶಾಲೆಯ ಹಾಜರಿಯಲ್ಲಿ ಅವಳು ಯುಗಾದಿಯವರೆಗೂ ಹಾಜರಿದ್ದಾಳೆ. ಮೇಸ್ತ್ರಿಯ ಹಾಜರಿಯಲ್ಲಿ ಅವಳ ಹೆಸರಿಲ್ಲ, ತಮ್ಮನನ್ನು ಎತ್ತಿಕೊಳ್ಳುವುದು ಕೂಲಿಯಲ್ಲವಲ್ಲ. “ಎಲ್ಲಿಗಬೇ?” ಎಂದರೆ ತಾಯಿ, “ಬಿರ್ಲಾಕ್ಕರೀ” ಅನ್ನುತ್ತಾಳೆ. ಬಿರ್ಲಾ ಎಂದರೆ ಗೋವಾದ ಜುವಾರಿನಗರ, ಗೊಬ್ಬರದ ಕಾರ್ಖಾನೆಯ ಆಸುಪಾಸು. ಉದ್ಯಮಪತಿಯ ಹೆಸರನ್ನು ಇಷ್ಟು ಸಲುಗೆಯಿಂದ ಕರೆಯುವ ಜನ ಷೇರುಪೇಟೆಯಲ್ಲೂ ಸಿಗಲಾರರು.

ಇಲ್ಲಿ ನನ್ನ ಚಹಾದಂಗಡಿಯ ಸಂಶೋಧಕರು ಗಮನಿಸದ ಒಂದು ಸಂಗತಿ ಇದೆ. ಅದೇ ಚಳಿಗಾಲದಲ್ಲಿ ಮುಂಡಗೋಡದ ಟಿಬೆಟಿಗರೂ ಬೀಗ ಹಾಕುತ್ತಾರೆ. ಅವರ ಹೊಲದಲ್ಲೂ ಅದೇ ಗೋವಿನಜೋಳ, ಅವರ ಜಮೀನಿಗೂ ಅದೇ ಮಳೆ. ಬೆಳೆಯೊಂದನ್ನೇ ನಂಬಿದರೆ ಅವರಿಗೂ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಸ್ವೆಟರ್ ಗಂಟು ಹೊತ್ತು ಊರೂರಿಗೆ ಹೋಗುತ್ತಾರೆ, ಫುಟ್‌ಪಾತಿನಲ್ಲಿ ಸಾಲಾಗಿ ಕೂತು ಚಳಿ ಮುಗಿಯುವವರೆಗೆ ಮಾರುತ್ತಾರೆ. ಅಂದರೆ ಇಬ್ಬರೂ ಗುಳೆ ಹೋಗುವವರೇ, ಇಬ್ಬರದೂ ಸಾಲದ ವ್ಯವಹಾರವೇ. ವ್ಯತ್ಯಾಸ ಸಣ್ಣದು. ಅವರಿಗೆ ಲೂಧಿಯಾನಾದ ಸಾಹುಕಾರ ಮಾಲನ್ನು ಸಾಲ ಕೊಡುತ್ತಾನೆ, ಮಾರಿದ ಮೇಲೆ ತೀರಿಸುತ್ತಾರೆ. ನಮ್ಮವನಿಗೆ ಮುಕಾದಮ ಮುಂಗಡ ಕೊಡುತ್ತಾನೆ, ಮಾಲು ಅವನೇ.

ಹೀಗಿರುವಾಗ ಒಬ್ಬರು ಶಿಸ್ತಿನವರು, ಇನ್ನೊಬ್ಬರು ಸೋಮಾರಿಗಳು ಎಂಬ ತೀರ್ಪು ಎಲ್ಲಿಂದ ಬಂತು? ಬೆಳಿಗ್ಗೆ ಏಳಕ್ಕೆ ಸೆಂಟ್ರಿಂಗ್ ಹಲಗೆ ಹೊತ್ತು ಐದನೇ ಮಹಡಿ ಹತ್ತುವವನನ್ನು ಸೋಮಾರಿ ಎನ್ನಬೇಕಾದರೆ ಹೇಳುವವನಿಗೆ ಚಹಾದಂಗಡಿಯ ಬೆಂಚಿನಿಂದ ಏಳದಷ್ಟು ಶ್ರಮಜೀವನ ಬೇಕು. ಇನ್ನೂ ಒಂದು ಸೊಗಸಿದೆ. ಕ್ಯಾಂಪಿನ ಹೊಲಗಳಲ್ಲಿ ಕಳೆ ಕೀಳುವ ಕೈಗಳು ಸುತ್ತಲಿನ ಊರಿನವು. ಅಲ್ಲಿಯ ಎಷ್ಟೋ ಜಮೀನನ್ನು ಲಾವಣಿ ಹಿಡಿದು ಉಳುವವರೂ ಸ್ಥಳೀಯರೇ. ಶಿಸ್ತಿನ ಬೆಳೆ ಎಂದು ನಾವು ಹೊಗಳುವ ಪೈರಿನ ಬುಡದಲ್ಲಿ ಸೋಮಾರಿಗಳ ಬೆವರೂ ಇದೆ.

ಗೋವಾದ ಆತಿಥ್ಯದ ಮಾತಿಗೆ ಬರೋಣ. ಟಿಬೆಟಿಗ ನಮ್ಮಲ್ಲಿ ಅತಿಥಿ, ನಮ್ಮವ ಗೋವಾದಲ್ಲಿ ‘ಘಾಟಿ’, ಅಂದರೆ ಘಟ್ಟದ ಮೇಲಿನವ. ಅದನ್ನು ಅಲ್ಲಿಯವರು ಯಾವ ರಾಗದಲ್ಲಿ ಹೇಳುತ್ತಾರೆಂದು ಹೋಗಿಬಂದವರು ಬಲ್ಲರು. ವಾಸ್ಕೋದ ಬೈನಾದಲ್ಲಿ 2004ರ ಜೂನಿನಲ್ಲಿ, ಸರಿಯಾಗಿ ಮಳೆ ಹಿಡಿಯುವ ಹೊತ್ತಿಗೆ, ವೇಶ್ಯಾವಾಟಿಕೆ ತೆಗೆಯುತ್ತೇವೆಂದು ಬುಲ್‌ಡೋಜರ್ ನುಗ್ಗಿಸಿದರು. ಗಾರೆ ಕೆಲಸದವರ, ಬಂದರಿನ ಹಮಾಲರ ಸಂಸಾರಗಳೂ ಬೀದಿಗೆ ಬಿದ್ದವು. ಮಡಗಾಂವದ ಮೋತಿ ಡೊಂಗರದಂಥ ಗುಡ್ಡದ ಕೇರಿಗಳು ಚುನಾವಣೆಯ ಹೊತ್ತಿಗೆ ‘ಮತಬ್ಯಾಂಕ್’, ಮಿಕ್ಕ ಕಾಲಕ್ಕೆ ‘ಅತಿಕ್ರಮಣ’. ಮೂಲ ಗೋವಾದವರು ಯಾರೆಂದು ಕಾನೂನಿನಲ್ಲೇ ಬರೆದಿಡಬೇಕು ಎಂಬ ಪಕ್ಷ 2022ರಲ್ಲಿ ಅಲ್ಲಿಯ ವಿಧಾನಸಭೆಗೂ ಕಾಲಿಟ್ಟಿದೆ. ಹಾಗೆಂದು ಗೋವಾದವರನ್ನು ಬೈಯಲು ಹೊರಟರೆ ನಾಲಿಗೆ ತಡವರಿಸುತ್ತದೆ. 2024ರ ಜುಲೈನಲ್ಲಿ ನಮ್ಮ ಸಚಿವ ಸಂಪುಟವೇ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೇ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಕೆಮ್ಮಿದ ಕೂಡಲೇ ಕಪಾಟಿನಲ್ಲಿಟ್ಟಿತು. ಘಟ್ಟದ ಮೇಲೆ ನಿಂತಾಗ ಮಣ್ಣಿನ ಮಕ್ಕಳು, ಘಟ್ಟ ಇಳಿದರೆ ಭಾರತದ ಪ್ರಜೆಗಳು. ನಮ್ಮ ಅನುಕೂಲಕ್ಕೆ ಸಂವಿಧಾನವೂ ಘಟ್ಟದ ತಿರುವಿನಲ್ಲಿ ಗೇರು ಬದಲಿಸುತ್ತದೆ.

ಆ ಗೋವಾದವರಾದರೂ ಗೋವಾದಲ್ಲಿ ಇದ್ದಾರೆಯೇ? 1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿಯುವ ಮೊದಲು ಅಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಪೋರ್ಚುಗಲ್ ಪೌರತ್ವದ ಬಾಗಿಲು ತೆರೆದಿದೆ. ಆ ಪಾಸ್‌ಪೋರ್ಟ್ ಹಿಡಿದು ಸಾವಿರಾರು ಜನ ಇಂಗ್ಲೆಂಡಿನ ಸ್ವಿಂಡನ್ ಸೇರಿದ್ದಾರೆ, ಅಲ್ಲಿ ಗೋದಾಮುಗಳಲ್ಲಿ ಡಬ್ಬ ಎತ್ತುತ್ತಾರೆ. ಅವರು ಬಿಟ್ಟ ಊರಿನಲ್ಲಿ ಮನೆ ಕಟ್ಟಲು ಹಾನಗಲ್ಲಿನ ಗೌಂಡಿ ಬೇಕು. ಇತ್ತ ಮುಂಡಗೋಡದ ತರುಣರು ಟೊರಾಂಟೊ, ನ್ಯೂಯಾರ್ಕ್ ಎಂದು ಹೊರಟಿದ್ದಾರೆ, ಕ್ಯಾಂಪುಗಳಲ್ಲಿ ಮುದುಕರು ಜಪಮಣಿ ಎಣಿಸುತ್ತ ಕೂತಿದ್ದಾರೆ. ಹಾನಗಲ್ಲಿನ ಹಾಸ್ಟೆಲುಗಳಲ್ಲಿ ಓದಿದ ಹುಡುಗರು ಬೆಂಗಳೂರಿಗೆ, ಅವರು ಮಾಡಲೊಲ್ಲದ ಟೈಲ್ಸ್ ಕೆಲಸಕ್ಕೆ, ಪಾನಿಪುರಿ ಗಾಡಿಗೆ ಉತ್ತರದ ಹುಡುಗರು ನಮ್ಮೂರಿಗೆ. “ಹೊರಗಿನವ್ರು ಬಂದು ಊರ ಕೆಡಿಸಿದ್ರು” ಎಂದು ಅದೇ ಪಾನಿಪುರಿ ತಿನ್ನುತ್ತ ಹೇಳುವುದನ್ನು ನಾನೇ ಕೇಳಿದ್ದೇನೆ.

ಊರಿನವರು ಎಂಬುದಾದರೂ ಯಾರಪ್ಪ? ಸವಣೂರಿನ ನವಾಬರು ಪಠಾಣ ಮೂಲದವರು. ಊರಿನ ಹೆಮ್ಮೆಯಾದ ಮೂರು ದೊಡ್ಡಹುಣಸೆ ಮರಗಳ ಕುಲ ಆಫ್ರಿಕಾದ್ದು. 2023ರ ಮಳೆಗಾಲದಲ್ಲಿ ಅದರಲ್ಲೊಂದು ಉರುಳಿದಾಗ ಎಷ್ಟೊಂದು ಜನ ಸೇರಿ, ಯಂತ್ರ ತರಿಸಿ, ಮತ್ತೆ ಎತ್ತಿ ನೆಟ್ಟರು. ಒಳ್ಳೆಯ ಕೆಲಸ, ಮೆಚ್ಚಲೇಬೇಕು. ಅದೇ ಸವಣೂರಿನಲ್ಲಿ 2010ರ ಜುಲೈನಲ್ಲಿ, ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಕುಟುಂಬಗಳನ್ನು ಅವರ ಜಾಗದಿಂದ ಎಬ್ಬಿಸಿ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟುವ ಮಾತು ಎದ್ದಾಗ, ಅವರು ಪುರಸಭೆಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ಆಗ ಮಾತ್ರ ರಾಜ್ಯ ತಿರುಗಿ ನೋಡಿತು. ಬೇರು ಬಿಡಲು ಎಷ್ಟು ವರ್ಷ ಬೇಕೆಂಬುದು ನಮ್ಮಲ್ಲಿ ಮರಕ್ಕೊಂದು, ಮನುಷ್ಯನಿಗೊಂದು.

ಟಿಬೆಟಿಗರ ಬಗ್ಗೆ ಅಸೂಯೆ ಪಡುವವರು ಅವರ ಜೇಬಿನ ಕಾಗದವನ್ನೂ ನೋಡಬೇಕು. ಇಲ್ಲೇ ಹುಟ್ಟಿ, ಕನ್ನಡದಲ್ಲೇ ಚೌಕಾಸಿ ಮಾಡಿ, ಇಲ್ಲೇ ಮುದಿಯಾದವರೂ ಕಾಗದದಲ್ಲಿ ವಿದೇಶಿಯರು. ಆರ್‌ಸಿ ಎಂಬ ನೋಂದಣಿ ಪತ್ರವನ್ನು ಆಗಾಗ ನವೀಕರಿಸಬೇಕು. ಉಳುವ ನೆಲ ಅವರದಲ್ಲ, ಸರ್ಕಾರದ್ದು. 1950ರಿಂದ 1987ರ ಜುಲೈಯೊಳಗೆ ಭಾರತದಲ್ಲಿ ಹುಟ್ಟಿದವರು ಪೌರರೇ ಎಂದು 2013ರಲ್ಲಿ ನಮ್ಮ ಹೈಕೋರ್ಟೇ ಹೇಳಿತು, ಮರುವರ್ಷ ಚುನಾವಣಾ ಆಯೋಗ ಅಂಥವರನ್ನು ಮತಪಟ್ಟಿಗೆ ಸೇರಿಸಲು ಸೂಚಿಸಿತು. ಪೌರತ್ವ ತೆಗೆದುಕೊಂಡರೆ ಕಳೆದುಕೊಂಡ ದೇಶದ ಹಕ್ಕು ಬಿಟ್ಟಂತೆ ಎಂದು ಹಿಂಜರಿದವರು ಬಹಳ. ಒಟ್ಟಿನಲ್ಲಿ ಲೆಕ್ಕ ಹೀಗಾಯಿತು: ಅವರಿಗೆ ಮನೆ, ಆಸ್ಪತ್ರೆ, ಶಾಲೆ, ದೇವರು ಎಲ್ಲ ಉಂಟು, ಬಹುಪಾಲು ಜನಕ್ಕೆ ಓಟಿಲ್ಲ. ನಮ್ಮವರಿಗೆ ಓಟೊಂದು ಉಂಟು, ಉಳಿದದ್ದಿಲ್ಲ. ಪ್ರಜಾಪ್ರಭುತ್ವದ ಪಾಠ ಹೇಳುವ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಗೆ ವಿವರಿಸುತ್ತಾರೋ ನೋಡಬೇಕು.

ಆ ಒಂದು ಓಟಿನ ಮಹಿಮೆಯನ್ನೂ ಕಡೆಗಣಿಸುವಂತಿಲ್ಲ. 2023ರ ಮೇ 10ರಂದು ಕರ್ನಾಟಕದಲ್ಲಿ ಮತದಾನ. ಗೋವಾ ಸರ್ಕಾರ ತನ್ನ ರಾಜ್ಯದಲ್ಲಿ ಸಂಬಳಸಹಿತ ರಜೆ ಸಾರಿತು. ಅಲ್ಲಿಯ ಉದ್ಯಮಿಗಳು ಕೂಗಾಡಿದರು. ವರ್ಷವಿಡೀ ಯಾರ ಕಣ್ಣಿಗೂ ಬೀಳದ ಘಾಟಿಗಳು ಒಂದು ದಿನ ಇಲ್ಲದಿದ್ದರೆ ಗೋವಾ ನಿಂತುಬಿಡುತ್ತದೆ ಎಂದು ಅವತ್ತು ಎರಡು ರಾಜ್ಯಗಳಿಗೂ ಗೊತ್ತಾಯಿತು. ಮತದಾನದ ಹೊತ್ತಿಗೆ ಊರಿಂದ ಬಸ್ಸುಗಳೂ ಹೋಗುತ್ತವೆ. ಯಾವ ತಾಂಡಾದ ಯಾವ ಮನೆಯವರು ಗೋವಾದ ಯಾವ ಸಂದಿಯಲ್ಲಿ ಮಲಗುತ್ತಾರೆ, ಮೊಬೈಲ್ ನಂಬರು ಯಾವುದು, ಎಲ್ಲವೂ ಏಜೆಂಟರ ಬಳಿ ಇರುತ್ತದೆ. 2020ರ ಲಾಕ್‌ಡೌನಿನಲ್ಲಿ ಅದೇ ಜನ ಗಡಿಯಲ್ಲಿ ಸಿಕ್ಕಿಬಿದ್ದಾಗ ಯಾರ ಬಳಿಯೂ ಪಟ್ಟಿ ಇರಲಿಲ್ಲ.

ಪಟ್ಟಿ ಇಡಬೇಕೆಂದು ಕಾನೂನು ಹೇಳಿ ನಲವತ್ತು ವರ್ಷದ ಮೇಲಾಯಿತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅದು, ಈಗ 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಅಡಗಿ ಕೂತಿದೆ. ಆ ಹಳೆಯ ಕಾಯ್ದೆಯ ಪ್ರಕಾರ ಐದು ಜನರಿಗಿಂತ ಕಡಿಮೆಯಿಲ್ಲದ ತಂಡ ಒಯ್ಯುವ ಗುತ್ತಿಗೆದಾರ ಪರವಾನಗಿ ಪಡೆಯಬೇಕಿತ್ತು, ಪ್ರತಿಯೊಬ್ಬನಿಗೂ ಪಾಸ್‌ಬುಕ್ ಕೊಡಬೇಕಿತ್ತು, ಹೋಗಿಬರುವ ಖರ್ಚು ಕೊಡಬೇಕಿತ್ತು, ಪ್ರಯಾಣದ ದಿನಗಳಿಗೂ ಕೂಲಿ ಕೊಡಬೇಕಿತ್ತು. ಊರು ಬಿಡಿಸಿದ್ದಕ್ಕೆ ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು, ಭತ್ಯೆಯಾಗಿ ಸಿಗಬೇಕಿತ್ತು. ಆ 75 ರೂಪಾಯಿ ಕಂಡವರು ಯಾರಾದರೂ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿದ್ದರೆ ಅವರಿಗೆ ಸನ್ಮಾನ ಮಾಡೋಣ, ಶಾಲು ನನ್ನ ಖರ್ಚು.

ಆದ್ದರಿಂದ ಕ್ಷೇತ್ರದ ಮಾನ್ಯ ಮುಖಂಡರಲ್ಲಿ ಒಂದು ವಿನಂತಿ. 1966ರಲ್ಲಿ ಪರದೇಶದವರಿಗೆ ಹಾಕಿದ ಯೋಜನೆಯನ್ನು ಇವತ್ತು ನಮ್ಮವರಿಗೆ ಹಾಕಿ ಎಂದು ಕೇಳುವಷ್ಟು ದುರಾಸೆ ನಮಗಿಲ್ಲ. ಮುಂದಿನ ಚುನಾವಣೆಗೆ ಗೋವಾಕ್ಕೆ ಬಸ್ಸು ಕಳಿಸುವ ಆ ಪಟ್ಟಿ ಇದೆಯಲ್ಲ, ಹೆಸರು, ಮೇಸ್ತ್ರಿ, ಮೊಬೈಲ್ ನಂಬರು ಸಮೇತ, ಅದರ ಒಂದು ಜೆರಾಕ್ಸ್ ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕೊಡಿ.