ಮೂರು ವಿಷಲ್ಲಿನ ಮನೆ

ಟೋಕಿಯೋದಲ್ಲಿ ಮನೆ ಹುಡುಕುವವರು ಮೊದಲು ನೋಡುವುದು ಮನೆಯನ್ನಲ್ಲ, ಕಾಗದವನ್ನು. ಮನೆಗೊಂದು ಹಾಳೆ, ಹಾಳೆಗೊಂದು ನಕ್ಷೆ, ನಕ್ಷೆಯ ನೆತ್ತಿಯ ಮೇಲೆ 1ಕೆ, 2ಡಿಕೆ, 2ಎಲ್‌ಡಿಕೆ ಎಂಬ ಬೀಜಾಕ್ಷರ. ಅಂಕಿ ಎಂದರೆ ಕೋಣೆಗಳು. ಎಲ್ ಎಂದರೆ ಹಾಲ್, ಡಿ ಊಟಕ್ಕೆ, ಕೆ ಅಡುಗೆಗೆ. ಕೋಣೆಯ ಅಳತೆ ಚದರಡಿಯಲ್ಲಲ್ಲ, ತತಾಮಿ ಚಾಪೆಯಲ್ಲಿ. ಆರು ಚಾಪೆಯ ಕೋಣೆ, ನಾಲ್ಕೂವರೆ ಚಾಪೆಯ ಕೋಣೆ. ಜಾಹೀರಾತಿನಲ್ಲಿ ಒಂದು ಚಾಪೆ ಎಂದರೆ 1.62 ಚದರ ಮೀಟರಿಗೆ ಕಮ್ಮಿ ಇರಕೂಡದೆಂದು ನಿಯಮವೇ ಇದೆ. ರೈಲು ನಿಲ್ದಾಣದಿಂದ ಏಳು ನಿಮಿಷ ಎಂದು ಬರೆದಿದ್ದರೆ, ನಿಮಿಷಕ್ಕೆ 80 ಮೀಟರಿನ ಲೆಕ್ಕ. ಹಾಗೆ ನಡೆಯುವ ಮಹಾಪುರುಷ ಯಾರೋ ನನಗೆ ಗೊತ್ತಿಲ್ಲ. ಅವನಿಗೆ ಸಿಗ್ನಲ್ ಅಡ್ಡ ಬರುವುದಿಲ್ಲ, ಕೈಯಲ್ಲಿ ಹತ್ತು ಕೇಜಿ ಅಕ್ಕಿಯ ಚೀಲವೂ ಇರುವುದಿಲ್ಲ.

ಇವರು, ಅಂದರೆ ನನ್ನ ಗಂಡ, ಈ ಎಲ್ಲವನ್ನೂ ಎಕ್ಸೆಲ್ಲಿಗೆ ಹಾಕಿಕೊಂಡು ಕೂತರು. ಮನೆ ಸಿಗದಿದ್ದರೂ ಅದರಲ್ಲೇ ವಾಸ ಮಾಡುವಷ್ಟು ಚೆನ್ನಾಗಿತ್ತು ಆ ಎಕ್ಸೆಲ್ಲು.

ನನಗೆ ಬೇಕಿದ್ದುದು ಒಂದೇ: ಮರದ ಮನೆ. ತತಾಮಿ ಹಾಸಿರಬೇಕು, ಜಾರು ಬಾಗಿಲಿಗೆ ಕಾಗದ ಅಂಟಿಸಿರಬೇಕು, ಜಗಲಿಯಂಥದೊಂದು ಇದ್ದು ಅಲ್ಲಿ ಕಾಲು ಇಳಿಬಿಟ್ಟು ಕಾಫಿ ಕುಡಿಯಬೇಕು. ಜಪಾನಿನ ನಿರ್ದೇಶಕ ಓಜುವಿನ ಸಿನಿಮಾಗಳನ್ನು ನೋಡಿ ಕೆಟ್ಟವಳು ನಾನು. ಅವನ ಕ್ಯಾಮೆರಾ ನೆಲಕ್ಕೇ ಚಕ್ಕಳಮಕ್ಕಳ ಹಾಕಿ ಕೂತು ನೋಡುತ್ತದಲ್ಲ, ಹಾಗೆ ಬದುಕಬೇಕೆಂದು ಬೆಂಗಳೂರು ಬಿಡುವಾಗಲೇ ತೀರ್ಮಾನಿಸಿದ್ದೆ. 1953ರ ‘ಟೋಕಿಯೋ ಸ್ಟೋರಿ’ಯಲ್ಲಿ ಯಾರೂ ಚಟ್ನಿಗೆ ಮಿಕ್ಸಿ ಹಾಕುವುದಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ.

ಗಮನಿಸಿದವರು ಇಲ್ಲಿನ ಹಿರಿಯ ಕನ್ನಡಿಗರೊಬ್ಬರು. 2000ನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ಜಗತ್ತು ಹೆದರಿದ ಕಾಲದಲ್ಲಿ ಬಂದು ಟೋಕಿಯೋದ ನಿಶಿ-ಕಸಾಯಿಯಲ್ಲಿ ನೆಲೆಸಿದ ಇಂಜಿನಿಯರುಗಳ ಪೈಕಿ. ಕಂಪ್ಯೂಟರಿಗೆ ಏನೂ ಆಗಲಿಲ್ಲ, ಅವರು ಮಾತ್ರ ಇಲ್ಲೇ ಉಳಿದರು. ಕೇಳದಿದ್ದರೂ ಉಪದೇಶ ಕೊಡುವುದು ಅವರ ಧರ್ಮ. “1981ರ ಜೂನ್ ಹಿಂದಿನ ಕಟ್ಟಡದ ಮೆಟ್ಟಿಲು ಹತ್ತಬೇಡಿ, ಭೂಕಂಪದ ಹೊಸ ಕಾನೂನು ಬಂದಿದ್ದೇ ಆಗ. ಮರದ ಅಪಾಟೋ ಅಂತೂ ಬೇಡವೇ ಬೇಡಮ್ಮ. ಕಾಂಕ್ರೀಟಿನ ಮಾನ್ಶೋನ್ ನೋಡಿ. ಮರದ್ದಾದರೆ ಪಕ್ಕದ ಮನೆಯವನು ಸೀನಿದ್ದಕ್ಕೆ ನೀವು ಚಿರಂಜೀವಿ ಅನ್ನಬೇಕಾಗುತ್ತೆ,” ಎಂದರು. ಮೈ ಉರಿಯಿತು. ಅವರು ಹೇಳಿದ್ದಕ್ಕೇ ಮರದ ಮನೆಯ ಮೇಲಿನ ಆಸೆ ಇನ್ನೊಂದು ಗೇಣು ಬೆಳೆಯಿತು.

ಏಜೆಂಟ್ ಹುಡುಗ ತೋರಿಸಿದ ಮರದ ಮನೆ ಎರಡಂತಸ್ತಿನ ಅಪಾಟೋದ ಮೇಲ್ಮಹಡಿಯಲ್ಲಿತ್ತು. ಆರು ಚಾಪೆಯ ಕೋಣೆ, ಹುಲ್ಲಿನ ವಾಸನೆ, ಹಾಸಿಗೆ ಮಡಚಿಡುವ ಗೋಡೆಗೂಡು. ನಾನಾಗಲೇ ಮನಸ್ಸಿನಲ್ಲಿ ಹಾಲುಕ್ಕಿಸಿ ಆಗಿತ್ತು. “ಕುಕ್ಕರ್ ಸದ್ದು ಪಕ್ಕದ ಮನೆಗೆ ಕೇಳಿಸುತ್ತಾ ಕೇಳು,” ಎಂದು ಇವರು ಕಿವಿಯಲ್ಲಿ ಅಂದರು. ಕೇಳಿದೆ. ಕುಕ್ಕರ್ ಎಂದರೇನೆಂದು ಹುಡುಗ ಕೇಳಿದ. ಫೋನಿನಲ್ಲಿ ಚಿತ್ರ ತೋರಿಸಿದೆ. ಚಿತ್ರ ಕೂಗುವುದಿಲ್ಲವಲ್ಲ.

ನಿಜವಾದ ಕುಕ್ಕರಿಟ್ಟು ತೋರಿಸೋಣವೆಂದರೆ ಇಲ್ಲಿನ ಖಾಲಿ ಮನೆಗೆ ಗ್ಯಾಸಿನ ಸಂಪರ್ಕ ಇರುವುದಿಲ್ಲ, ಒಲೆಯನ್ನೂ ಎಷ್ಟೋ ಕಡೆ ಬಾಡಿಗೆಗೆ ಬರುವವರೇ ತರಬೇಕು. ಅದೃಷ್ಟಕ್ಕೆ ಪಕ್ಕದ ಮನೆಯೂ ಖಾಲಿ, ಅದರ ಬೀಗದ ಕೈಯೂ ಅವನ ಹತ್ತಿರವಿತ್ತು. ಹಾಗಾಗಿ ಉಳಿದದ್ದು ಒಂದೇ ದಾರಿ. ಅವನು ಕಪ್ಪು ಸೂಟಿನಲ್ಲಿ ಪಕ್ಕದ ಮನೆಗೆ ಹೋಗಿ ಗೋಡೆಗೆ ಕಿವಿ ಕೊಟ್ಟು ನಿಲ್ಲುವುದು, ನಾನು ಈಚೆ ಕುಕ್ಕರ್ ಆಗುವುದು.

ಇವರು “ನಾನು ಕೆಳಗಿರ್ತೀನಿ” ಎಂದು ಚಪ್ಪಲಿ ಹುಡುಕತೊಡಗಿದರು. ನಾನು ಅಡುಗೆಕಟ್ಟೆಯ ಮುಂದೆ, ಒಲೆ ಇರಬೇಕಾದ ಜಾಗದ ಎತ್ತರಕ್ಕೆ ಬಾಯಿ ಬರುವಂತೆ ಬಗ್ಗಿ ನಿಂತೆ. ಕೆಲಸ ಅಂದಮೇಲೆ ಶಾಸ್ತ್ರೋಕ್ತವಾಗಿ ಆಗಬೇಕು. ಮೊದಲು ಸುಸ್ಸೆಂದು ಹಬೆ, ಆಮೇಲೆ ವೆಯ್ಟ್ ಅಲುಗುವ ಗಡಗಡ, ಕೊನೆಗೆ ಕೂಗು. ಮೊದಲನೆಯದು ಅರ್ಧಕ್ಕೇ ನಗು ಬಂದು ಕೆಟ್ಟಿತು. ಎರಡನೆಯದು ಮನೆಯ ಮಾಡಿಗೆ ಮುಟ್ಟಿತು. ಹುಡುಗ ಓಡಿಬಂದ. ಕೇಳಿಸಿತಂತೆ. ದಿನಕ್ಕೆಷ್ಟು, ಯಾವ ಹೊತ್ತಿಗೆ ಎಂದು ಪುಸ್ತಕ ತೆರೆದ. ಬೇಳೆಗೆ ಮೂರು, ಕಾಬೂಲಿ ಕಡಲೆಗೆ ಆರು ಎಂದೆ. ಬರೆದುಕೊಂಡ. ಎಲ್ಲ ಕೂಗೂ ಒಂದೇ ಸಮ ಇರುತ್ತವೆಯೇ ಎಂದ. ಒಳ್ಳೆಯ ಪ್ರಶ್ನೆ, ಇಷ್ಟು ವರ್ಷದ ಸಂಸಾರದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಮೊದಲನೆಯದು ಗೊರಗೊರ ಎಂದು ನೀರು ಕಾರಿಕೊಂಡು ಬರುತ್ತದೆ, ಎರಡನೆಯದರಿಂದ ಕಂಠ ತಿಳಿಯಾಗುತ್ತದೆ ಎಂದು ವಿವರಿಸಿದೆ. ಹಾಗಾದರೆ ಅದನ್ನೂ ಕೇಳಬೇಕೆಂದು ವಾಪಸು ಹೋದ. ಗೊರಗೊರವನ್ನೂ ಕೂಗಿದೆ.

ಅಲ್ಲಿಗೂ ಅವನಿಗೆ ಸಮಾಧಾನವಿಲ್ಲ. ನೀವೂ ಆಚೆ ನಿಂತು ಕೇಳಿದರೆ ನ್ಯಾಯ ಎಂದ. ಪಾತ್ರ ಬದಲಾಯಿಸಿದೆವು. ನಾನೀಗ ಪಕ್ಕದ ಮನೆಯ ಗೋಡೆಗೆ ಕಿವಿಯಿಟ್ಟೆ. ಆಚೆಯಿಂದ ಸ್ಪಷ್ಟವಾಗಿ “ಶಿತ್ಸುರೇಯಿ ಶಿಮಾಸು” ಎಂದು ಕೇಳಿತು. ಕೂಗುವ ಮುಂಚೆ ಕ್ಷಮೆ ಕೇಳುವ ಕುಕ್ಕರನ್ನು ನಾನು ಅದೇ ಮೊದಲು ಕಂಡದ್ದು. ಆಮೇಲೆ ಬಂದ ಮೂರೂ ವಿಷಲ್ಲುಗಳು ಅಳತೆಯಿಟ್ಟು ಕತ್ತರಿಸಿದ ಹಾಗೆ ಒಂದೇ ಉದ್ದ, ನಡುವೆ ಒಂದೇ ಅಂತರ. ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಹೊರಬಂದು ಮೆಟ್ಟಿಲ ಬುಡದಲ್ಲಿ ನಿಂತರು. ಹುಡುಗ ಸೊಂಟ ಮುರಿಯುವಷ್ಟು ಬಗ್ಗಿ ಏನೇನೋ ವಿವರಿಸಿದ. ಅಜ್ಜಿ ನನ್ನನ್ನೂ, ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಸೈಕಲ್ ಸ್ಟ್ಯಾಂಡು ನೋಡುತ್ತಿದ್ದ ಇವರನ್ನೂ ನೋಡಿ, ಒಳಗೆ ಹೋದರು.

ಆ ಮನೆ ಸಿಗಲಿಲ್ಲ. ವಿಷಲ್ಲಿಗಲ್ಲ. ವಿಷಲ್ಲಿನ ಸುದ್ದಿ ಮಾಲೀಕರ ಕಿವಿಗೆ ಬೀಳುವ ಮೊದಲೇ ಉತ್ತರ ಬಂದಿತ್ತು. ಹುಡುಗ ನಮ್ಮೆದುರೇ ಫೋನು ಮಾಡುತ್ತಿದ್ದ. ಮೊದಲ ವಾಕ್ಯ ಯಾವಾಗಲೂ ಅದೇ: ಬಂದವರು ವಿದೇಶಿಯರು, ಆದರೆ... ಆ ‘ಆದರೆ’ ಮುಗಿಯುವುದರೊಳಗೆ ಆಚೆಯವರು ಮಾತು ಮುಗಿಸಿರುತ್ತಿದ್ದರು. ಅವನು ಫೋನಿಗೆ ತಲೆಬಾಗಿ, ಹಾಳೆಯ ಮೇಲೆ ಪೆನ್ಸಿಲಿನಿಂದ ಗೀಟೆಳೆದು, ಮುಂದಿನ ನಂಬರು ಒತ್ತುತ್ತಿದ್ದ. 2017ರಲ್ಲಿ ಇಲ್ಲಿನ ನ್ಯಾಯ ಸಚಿವಾಲಯ ಹೊರತಂದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರಲ್ಲಿ ಶೇ. 39ರಷ್ಟು ಮಂದಿ ವಿದೇಶಿ ಎಂಬ ಕಾರಣಕ್ಕೇ ಮನೆ ಸಿಗಲಿಲ್ಲ ಎಂದಿದ್ದರಂತೆ. ಸಿಟ್ಟು ಬಂತು. ಬಂದ ಸಿಟ್ಟಿಗೆ ಮೈಸೂರಿನ ನಮ್ಮ ಮಾವನವರ ಗೇಟು ನೆನಪಾಯಿತು. ಮೇಲಿನ ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡು ಇನ್ನೂ ಅಲ್ಲೇ ತೂಗುತ್ತಿದೆ. ಅಕ್ಷರ ದುಂಡಗಿದೆಯೆಂದು ನನ್ನ ಕೈಯಲ್ಲೇ ಬರೆಸಿದ್ದರು.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಒಂದು ಮಾನ್ಶೋನ್ ಒಪ್ಪಿದರು, ಆದರೆ ಮಾಲೀಕರಿಗೆ ಕೃತಜ್ಞತೆಯೆಂದು ಒಂದು ತಿಂಗಳ ಬಾಡಿಗೆ, ಅದು ವಾಪಸು ಬರುವುದಿಲ್ಲ. ಠೇವಣಿ ಬೇರೆ, ದಲ್ಲಾಳಿಗೆ ಬೇರೆ, ನಮ್ಮ ಪರವಾಗಿ ಜಾಮೀನು ನಿಲ್ಲುವ ಕಂಪನಿಗೆ ಬೇರೆ. ಇನ್ನೊಂದು ಅನುಮಾನ ಬರುವಷ್ಟು ಅಗ್ಗ. ಅಲ್ಲಿ ಯಾರೋ ಆತ್ಮಹತ್ಯೆ ಮಾಡಿಕೊಂಡಿದ್ದರು. ಬಾಡಿಗೆ ಮನೆಯಾದರೆ ಸುಮಾರು ಮೂರು ವರ್ಷ ಅದನ್ನು ಹೇಳಿಯೇ ಕೊಡಬೇಕೆಂದು 2021ರಲ್ಲಿ ಸರ್ಕಾರ ಮಾರ್ಗಸೂಚಿ ಹೊರಡಿಸಿದೆ. ಇವರ ಎಕ್ಸೆಲ್ಲಿಗೆ ಆ ಮನೆ ಬಹಳ ಹಿಡಿಸಿತ್ತು.

ಕಡೆಗೆ ಹೋಗಿ ಬಿದ್ದದ್ದು ಸರ್ಕಾರದ ಯುಆರ್ ಸಂಸ್ಥೆಯ ಕಾಂಕ್ರೀಟು ವಠಾರಕ್ಕೆ. ಕೃತಜ್ಞತೆಯ ದುಡ್ಡಿಲ್ಲ, ದಲ್ಲಾಳಿಯಿಲ್ಲ, ಜಾಮೀನಿಲ್ಲ, ನಿಮ್ಮ ದೇಶ ಯಾವುದೆಂಬ ‘ಆದರೆ’ ಇಲ್ಲ. ವೀಸಾ, ಸಂಬಳದ ಚೀಟಿ, ಎರಡು ತಿಂಗಳ ಠೇವಣಿ, ಮುಗಿಯಿತು. ಹಿರಿಯ ಕನ್ನಡಿಗರು “ನಾನು ಮೊದಲೇ ಹೇಳಿರಲಿಲ್ಲವೇ?” ಎಂದರು. ಯುಆರ್ ಹೆಸರನ್ನು ಹೇಳಿರಲಿಲ್ಲ.

ಮನೆ ಹೊಕ್ಕ ರಾತ್ರಿ ತಿಳಿಯಿತು, ಇಲ್ಲಿ ಕೋಣೆಯ ದೀಪವನ್ನೂ ನಾವೇ ತರಬೇಕು. ಮಾಡಿನಲ್ಲಿ ಸಿಕ್ಕಿಸುವ ಜಾಗ ಮಾತ್ರ ಇರುತ್ತದೆ. ಬಚ್ಚಲ ದೀಪ ಹಾಕಿ ಅದರ ಬೆಳಕಿನಲ್ಲಿ ಮೊಸರನ್ನ ತಿನ್ನುತ್ತಿದ್ದಾಗ ಅತ್ತೆಯ ವಿಡಿಯೋ ಕಾಲು ಬಂತು. ಅಲ್ಲಿನ್ನೂ ಸಂಜೆ ಐದೂವರೆ, ಅವರ ಹಿಂದೆ ಬಿಸಿಲು.

“ಯಾಕಮ್ಮ ಕತ್ತಲಲ್ಲಿ ಕೂತಿದ್ದೀರ? ಬಾಗಿಲು ಯಾವ ದಿಕ್ಕಿಗಿದೆ ತೋರಿಸು.”

ಫೋನನ್ನು ಬಾಗಿಲ ಕಡೆ ತಿರುಗಿಸಿದೆ. ಅವರಿಗೂ ಏನೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

“ಪೂರ್ವ ತಾನೆ?”

“ಪೂರ್ವವೇ ಅಮ್ಮ,” ಎಂದರು ಇವರು ಬಚ್ಚಲಿನಿಂದ, “ಇದು ದೇಶವೇ ಪೂರ್ವ.”