580020: ಒಂದು ಗಿರಮಿಟ್ಟೀಯ ಸಂಖ್ಯಾಮೀಮಾಂಸೆ

ಹುಬ್ಬಳ್ಳಿ, ಧಾರವಾಡಗಳ ಸ್ವಭಾವಭೇದವನ್ನು ಪೂರ್ವಸೂರಿಗಳು ಮಳೆ, ಮಣ್ಣು, ಪೇಢೆ ಮುಂತಾದ ಅಲ್ಪ ಕಾರಣಗಳಿಂದ ವಿವರಿಸಿ ಕೈತೊಳೆದುಕೊಂಡಿದ್ದಾರೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಾಗಲೇ ಈ ವ್ಯಾಜ್ಯ ಇತ್ಯರ್ಥವಾಗಿತ್ತೆಂಬುದು ಅವರ ಗಮನಕ್ಕೆ ಬರಲಿಲ್ಲ. ಸಂಜೆ ದುರ್ಗದಬೈಲಿನ ಗಿರಮಿಟ್ ಗಾಡಿಯ ಪಕ್ಕ ನಿಂತು, ಎಣ್ಣೆ ಹೀರಿದ ರದ್ದಿ ಕಾಗದದ ಮೇಲೆ ಮಾಡಿದ ಗಣಿತವೇ ಪ್ರಸ್ತುತ ಪ್ರಬಂಧಕ್ಕೆ ಆಧಾರ.

ಹುಬ್ಬಳ್ಳಿಯ ಪ್ರಧಾನ ಅಂಚೆ ಕಚೇರಿಯ ಸಂಖ್ಯೆ 580020. ಇದು 2, 3, 4, 5, 6, 7 ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಒಟ್ಟು ಭಾಜಕಗಳು 48. 580020 ಮಿರ್ಚಿಭಜಿ ಕರಿದಿಟ್ಟರೆ ಇಬ್ಬರು ಬರಲಿ, ಏಳು ಮಂದಿ ಬರಲಿ, ಜಗಳವಿಲ್ಲದೆ ಹಂಚಬಹುದು. ಎಂಟು ಮಂದಿ ಬಂದರೆ ಮಾತ್ರ ನಾಲ್ಕು ಉಳಿಯುತ್ತವೆ. ಅವನ್ನೇನು ಮಾಡುವುದೆಂಬ ಪ್ರಶ್ನೆಗೆ ಗಾಡಿಯವರ ಉತ್ತರ: “ಉಳಿಯೂದ್ಯಾಕ್ರೀ ಸರ? ಕಟ್ಟಿ ಕೊಡ್ತೀನಿ, ಮನಿಗೆ ಒಯ್ರಿ.” ಶೇಷದ ಬಗ್ಗೆ ಇಷ್ಟು ಚೊಕ್ಕ ಸಾಧನೆ ಯೂಕ್ಲಿಡನಲ್ಲೂ ಇಲ್ಲ.

ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿಸಿದರೆ 12,77,388. ಹಾಕಿದ ಬಂಡವಾಳ ದುಪ್ಪಟ್ಟಿಗೂ ಮೀರಿ ಮರಳುವ ಇಂಥದ್ದಕ್ಕೆ ಗಣಿತಜ್ಞರು ಸಮೃದ್ಧ ಸಂಖ್ಯೆ ಎನ್ನುತ್ತಾರೆ. ಬಜಾರದವರು ‘ಧಂದೆ ಛಲೋ ಐತಿ’ ಎಂದಷ್ಟೇ ಹೇಳಿ ಗಲ್ಲೆ ಮುಚ್ಚುತ್ತಾರೆ.

ಅಂಕಿಗಳ ಮೊತ್ತ 15. ಆ 15 ಕೂಡ ಸಂಖ್ಯೆಯನ್ನು ಭಾಗಿಸುತ್ತದೆ. ದೇವಳಾಲಿಯ ಶಾಲಾ ಮಾಸ್ತರ ದ.ರಾ. ಕಾಪ್ರೇಕರರು ಇಂಥವಕ್ಕೆ ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು. ಧಾರವಾಡದ ದ.ರಾ., ಅಂದರೆ ಬೇಂದ್ರೆಯವರು, ಬೆನ್ನುಹತ್ತಿದ್ದ 441 ಸಹ ಹರ್ಷದವೇ (ಮೊತ್ತ 9, ಭಾಗಲಬ್ಧ 49). ಇಬ್ಬರೂ ದತ್ತಾತ್ರೇಯ ರಾಮಚಂದ್ರರೇ. ಇದು ಕಾಕತಾಳೀಯವೆನ್ನುವವರು ಈ ಶಾಸ್ತ್ರಕ್ಕೆ ಅನರ್ಹರು.

ಒಂದು ಕಳಂಕವನ್ನು ಮುಚ್ಚಿಡಲಾಗದು. 580020 ಎಂದರೆ 420 ಗುಣಿಲೆ 1381. ಏಳರವರೆಗಿನ ಎಲ್ಲರಿಗೂ ಹಂಚುವ ಸಂಖ್ಯೆಯಲ್ಲಿ 420 ಇರಲೇಬೇಕು, ಅದು ಅವುಗಳ ಲಸಾಅ. ಚೌಕಾಸಿಯಲ್ಲಿ ಸೋತ ಧಾರವಾಡಿಗರು ಇದನ್ನೇ ಹಿಡಿದು ಕುಣಿಯಬಹುದು. ಆದರೆ 2024ರ ಜುಲೈ 1ರಿಂದ ವಂಚನೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿಗೆ ವರ್ಗವಾಗಿದೆ. 318ರಿಂದ ಭಾಗಿಸಿದರೆ 306 ಉಳಿಯುತ್ತದೆ. ಹುಬ್ಬಳ್ಳಿ ನಿರ್ದೋಷಿ.

ಇನ್ನು ಧಾರವಾಡದ 580001. ಇದು ಅವಿಭಾಜ್ಯ. ಒಂದರಿಂದ ಹಾಗೂ ತನ್ನಿಂದ ಹೊರತು ಯಾರಿಂದಲೂ ಭಾಗವಾಗದು. ಯಾರಿಗೂ ಪಾಲು ಕೊಡದು, ಯಾರ ಪಾಲನ್ನೂ ಕೇಳದು. ಹರ್ಷದವೂ ಅಲ್ಲ. ಕವಿಗಳ ಊರಿಗೆ ಇದಕ್ಕಿಂತ ಒಪ್ಪುವ ವಿಳಾಸ ಸಿಗುತ್ತಿರಲಿಲ್ಲ. ಎರಡು ಪಿನ್‌ಗಳ ನಡುವಿನ ಅಂತರ 19, ಅದೂ ಅವಿಭಾಜ್ಯ. 1962ರಲ್ಲಿ ಮಹಾನಗರ ಪಾಲಿಕೆ ಒಂದಾದರೂ ಈ 19 ಕರಗಿಲ್ಲವೆಂಬುದು ಎರಡೂ ಊರಿನವರು ಒಪ್ಪುವ ಏಕೈಕ ಸಂಗತಿ.

ಆಕ್ಷೇಪವಿದ್ದವರು 761ರವರೆಗಿನ 135 ಅವಿಭಾಜ್ಯಗಳಿಂದ 580001ನ್ನು ಭಾಗಿಸಿ ನೋಡಬೇಕು. ಕಾಗದ, ಪೆನ್ಸಿಲ್ ತಮ್ಮವೇ ತರಬೇಕು. ಗಿರಮಿಟ್ಟಿನ ಕಾಗದ ಎರಡನೇ ಭಾಗಾಕಾರಕ್ಕೇ ಹರಿಯುತ್ತದೆ.