ಉಳಿದದ್ದು ಕ್ಯಾಬಿನೆಟ್

(ನಾಗಪುರ ಸಮೀಪದ ಖಾಪರಖೇಡಾ. ವಿದ್ಯುತ್ ಸ್ಥಾವರದಿಂದ ನಿವೃತ್ತರಾದ ಕಾಕಾ. ಧಾರವಾಡದಿಂದ ಬಂದ ಅಣ್ಣನ ಮಗ.)

ಕಾಕಾ: ಐದು ಸಾವಿರದಾಗ ಈ ಕಂಪ್ಯೂಟರನ್ನ ಹೊಸಾದು ಮಾಡಿಕೊಡೋ.

ಹುಡುಗ: ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಕಂಪನಿ ಎಳ್ಳು-ನೀರು ಬಿಟ್ಟೈತಿ ಕಾಕಾ. 11ಕ್ಕ ನಿಮ್ಮ ಪ್ರೊಸೆಸರ್ ನಡ್ಯಂಗಿಲ್ಲ.

ಕಾಕಾ: ಕೆಟ್ಟೈತೇನು?

ಹುಡುಗ: ಕೆಟ್ಟಿಲ್ಲ. ಏಳನೇ ಪೀಳಿಗಿದು. ಎಂಟನೇದರ ಬೇಕಂತ.

ಕಾಕಾ: ಇಲ್ಲಿ 1989ರ ಘಟಕಾನ ಬೇರಿಂಗ್ ಬದಲಿಸಿ ನಡಸ್ತಿದ್ವಿ. ಇರಲಿ, ಪ್ರೊಸೆಸರ್ ಒಂದ ಬದಲಿಸು.

ಹುಡುಗ: ಹಳೇ ಮದರ್‌ಬೋರ್ಡಿಗೆ ಹೊಂದಂಗಿಲ್ಲ.

ಕಾಕಾ: ಸೊಸಿ ಬಂದಳಂತ ಅತ್ತೀನೂ ಬದಲಿ!

ಹುಡುಗ: ಹೊಸ ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಬೇಕು. ಎಐ ಡೇಟಾ ಸೆಂಟರ್‌ಗೋಳು ಚಿಪ್ ಬಾಚ್ಕೊಂಡು ರೇಟು ಮುಗಿಲಿಗೇರೈತಿ.

ಕಾಕಾ: ಅಷ್ಟೊಂದು ರ‍್ಯಾಮ್ ತಗೊಂಡು ಏನ್ ಮಾಡ್ತಾವ?

ಹುಡುಗ: ನಾವು ಕೇಳಿದ್ದಕ್ಕ ಉತ್ತರ ಕೊಡ್ತಾವ.

ಕಾಕಾ: ‘ಅಗ್ಗದ ರ‍್ಯಾಮ್ ಎಲ್ಲಿ ಸಿಗತೈತಿ’ ಅಂತ ಅದನ್ನ ಕೇಳು ಮತ್ತ.

ಹುಡುಗ: ಎಸ್‌ಎಂಪಿಎಸ್ಸೂ 550 ವ್ಯಾಟಿಂದು ಹಾಕೋಣು.

ಕಾಕಾ: ನಮ್ಮ ಐದನೇ ಘಟಕ 500 ಮೆಗಾವ್ಯಾಟ್ ಕೊಡತೈತಿ. ಸಾಲಂಗಿಲ್ಲೇನು?

ಹುಡುಗ: ಹಳೇದ್ರಾಗ ಕ್ಯಾಬಿನೆಟ್ ಮಾತ್ರ ಉಳಸಬಹುದು.

ಕಾಕಾ: ಮುಂಬೈ, ಬೆಂಗಳೂರಾಗೂ ಅಷ್ಟ ಬಿಡು. ಏನ ಬದಲಾದ್ರೂ ಕ್ಯಾಬಿನೆಟ್ಟಿನ್ಯಾಗ ಹಳೇ ಮಂದೀನ.

ಹುಡುಗ: ಸೀತಾಬರ್ಡಿ ಬಜಾರಕ್ಕ ಹೋಗಿ ತರೋಣು. ಅಂದಂಗ, ಇದ್ರಾಗ ನೀವು ಮಾಡೋದೇನು?

ಕಾಕಾ: ತಿಂಗಳಿಗೊಮ್ಮೆ ಕರೆಂಟ್ ಬಿಲ್ ತುಂಬತೇನಿ.